ಚುಕ್ಕಿಗಳಲ್ಲಿ ಗಣಿತ ಬರೆಯುವ ಇಸ್ಕ್ರಾ

ಜೂನ್ ತಿಂಗಳ ಒಂದು ಶುಕ್ರವಾರ, ಬೆಳಗಿನ ಐದಕ್ಕೆ ಇನ್ನೂ ಹತ್ತು ನಿಮಿಷವಿದೆ. ರೂಸೆ ನಗರದ ಸಣ್ಣ ಬ್ರೈಲ್ ಮುದ್ರಣಾಲಯದಲ್ಲಿ ಇಸ್ಕ್ರಾ ಗೆಂಚೆವಾ ಲಕೋಟೆಯ ಅರಗಿನ ಮುದ್ರೆ ಒಡೆಯುತ್ತಾರೆ. ಏಳನೇ ತರಗತಿಯ ಗಣಿತ ಪ್ರಶ್ನೆಪತ್ರಿಕೆ. ಒಂಬತ್ತಕ್ಕೆ ಊರಿನ ಮಕ್ಕಳೆಲ್ಲ ಇದನ್ನು ಕಣ್ಣಿಂದ ಓದುತ್ತಾರೆ. ರಾಲಿತ್ಸಾ ಎಂಬ ಒಬ್ಬ ಹುಡುಗಿ ಮಾತ್ರ ಬೆರಳಿಂದ ಓದಬೇಕು. ಅವಳಿಗಾಗಿ ಏಳೂವರೆಯೊಳಗೆ ಇಡೀ ಪತ್ರಿಕೆ ಉಬ್ಬುಚುಕ್ಕಿಗಳಿಗೆ ಇಳಿಯಬೇಕು. ಬಾಗಿಲಲ್ಲಿ ಕಾವಲಿನವನು ಕುಳಿತಿದ್ದಾನೆ. ಆರು ಕೀಲಿಗಳ ಯಂತ್ರದ ಮೇಲೆ ಬೆರಳಿಡುವ ಮುಂಚೆ ಇಸ್ಕ್ರಾ ಅಂಗೈಗಳನ್ನು ಲಂಗಕ್ಕೆ ಒರೆಸಿಕೊಳ್ಳುತ್ತಾರೆ. ಬೆವರು.

"ಮೂವತ್ತೊಂದು ವರ್ಷ ಆಯ್ತು. ಇವತ್ತಿಗೂ ಮೊದಲ ಸಾಲು ಹೊಡೆಯೋವಾಗ ಭಯ ಆಗುತ್ತೆ," ಎನ್ನುತ್ತಾರೆ ಅವರು.

ಮಾಮೂಲು ದಿನಗಳಲ್ಲಿ ಅವರದು ದಿನಕ್ಕೆ ಹದಿನಾಲ್ಕು ಪುಟ. ಕಥೆಪುಸ್ತಕವಾದರೆ ಮೂವತ್ತು ಪುಟ ಹೊಡೆದೂ ಧಾನ್ಯದ ಪೇಯ ಬೋಝಾ ಕುಡಿಯಲು ಬಿಡುವು ಸಿಗುತ್ತದೆ. ಗಣಿತ ಹಾಗಲ್ಲ. ಕಥೆಯಲ್ಲಿ ಒಂದು ಅಕ್ಷರ ತಪ್ಪಿದರೆ ಓದುವವರು ಊಹಿಸಿಕೊಳ್ಳುತ್ತಾರೆ. ಗಣಿತದಲ್ಲಿ ಒಂದು ಚುಕ್ಕಿ ತಪ್ಪಿದರೆ ಅದು ಇನ್ನೊಂದೇ ಮಾತಾಗಿಬಿಡುತ್ತದೆ.

ತಮಾಷೆಯೆಂದರೆ ಶಾಲೆಯಲ್ಲಿ ಇಸ್ಕ್ರಾ ಗಣಿತದಲ್ಲಿ ಎರಡು ಸಲ ನಪಾಸು. ಅವರನ್ನು ಈ ಕೆಲಸಕ್ಕೆ ತಿದ್ದಿದವರು ಮುದ್ರಣಾಲಯದ ಕರಡು ತಿದ್ದುವ ಮೆಥೋದಿ. ಹುಟ್ಟುಕುರುಡರು. "ಲೆಕ್ಕ ಅಂದ ಕೂಡಲೇ ಯಾಕಮ್ಮಾ ಬೆಚ್ಚಿಬೀಳ್ತೀಯ? ಇದೂ ಒಂದು ಭಾಷೆ ಅಷ್ಟೇ. ಸಮ ಚಿಹ್ನೆ ಇದೆಯಲ್ಲ, ಅದು ಕ್ರಿಯಾಪದ. ಅದಿಲ್ಲದೆ ವಾಕ್ಯವೇ ಇಲ್ಲ. ಆವರಣ ತೆರೆದೆಯೋ, ಮುಚ್ಚಲೇಬೇಕು. ಅರ್ಥ ಆಮೇಲೆ ಬರುತ್ತೆ, ಮೊದಲು ವ್ಯಾಕರಣ ಕಲಿ," ಎಂದಿದ್ದರಂತೆ. ಇಸ್ಕ್ರಾ ಕಲಿತರು. "ನನಗೆ ಲೆಕ್ಕ ಬಿಡಿಸೋಕೆ ಬರಲ್ಲ. ಆದ್ರೆ ಲೆಕ್ಕ ಏನು ಹೇಳ್ತಿದೆ ಅಂತ ಓದೋಕೆ ಬರುತ್ತೆ."

ಭಯ ಆಗ ಇರಲಿಲ್ಲ. ಅದು ಹುಟ್ಟಿದ್ದು ಕೆಲಸಕ್ಕೆ ಸೇರಿದ ಒಂಬತ್ತನೇ ವರ್ಷ. ಬ್ರೈಲ್‌ನಲ್ಲಿ ಅಂಕಿಗಳಿಗೆ ಬೇರೆ ರೂಪವಿಲ್ಲ. ಅಕ್ಷರದ ಮುಂದೆ ಅಂಕಿಯ ಗುರುತು ಇಟ್ಟರೆ ಅದೇ ಅಂಕಿ. ಆ ವರ್ಷ ಒಂದು ಪ್ರಶ್ನೆಯಲ್ಲಿ ಇಸ್ಕ್ರಾ ಆ ಗುರುತನ್ನು ಬಿಟ್ಟರು. ನಾಲ್ಕು ಎಂಬುದು 'ದ' ಅಕ್ಷರವಾಯಿತು. ವಿಲಿಯಾನಾ ಎಂಬ ಹುಡುಗಿ ಅದನ್ನೇ ಎಕ್ಸ್‌ನಂಥ ಅವ್ಯಕ್ತವೆಂದು ಬಗೆದು, ತಪ್ಪಿಲ್ಲದೆ ಬಿಡಿಸಿ, ಆ ಪ್ರಶ್ನೆಗೆ ಸೊನ್ನೆ ಪಡೆದಳು. ಬಯಸಿದ ಶಾಲೆ ಕೈತಪ್ಪಿತು. ತಿಂಗಳ ಮೇಲೆ ಹಳೆಯ ಹಾಳೆಗಳಲ್ಲಿ ತಪ್ಪು ಕಣ್ಣಿಗೆ ಬಿದ್ದಾಗ ಇಸ್ಕ್ರಾ ನೇರ ಆ ಮನೆಗೇ ಹೋದರು. "ಅವಳ ತಾಯಿ ಕಾಫಿ ಕೊಟ್ಟರು. ಚೆರ್ರಿ ಮುರಬ್ಬ ಕೊಟ್ಟರು. ಒಂದು ಮಾತೂ ಬೈಲಿಲ್ಲ. ಬೈದಿದ್ರೆ ಚೆನ್ನಾಗಿತ್ತು."

ಅಂದಿನಿಂದ ಅವರು ಹೊಡೆದ ಪ್ರತಿ ಹಾಳೆಯನ್ನೂ ಮೆಥೋದಿ ಬೆರಳಾಡಿಸಿ ನೋಡಿಯೇ ಹೊರಗೆ ಬಿಡುತ್ತಿದ್ದರು. ಆದರೆ ಈ ಶುಕ್ರವಾರ ಮೆಥೋದಿ ಇಲ್ಲ. ನ್ಯುಮೋನಿಯಾ ಆಗಿ ಆಸ್ಪತ್ರೆಯಲ್ಲಿದ್ದಾರೆ.

ಏಳೂ ಇಪ್ಪತ್ತಕ್ಕೆ ಕೆಲಸ ಮುಗಿಯುತ್ತದೆ. ಲಕೋಟೆಗೆ ಮತ್ತೆ ಮುದ್ರೆ ಬೀಳುತ್ತದೆ, ಅದನ್ನು ಹೊತ್ತು ಕಾರು ಶಾಲೆಗೆ ಹೊರಡುತ್ತದೆ. ಇಸ್ಕ್ರಾ ಮೂಲೆಯ ಅಂಗಡಿಯಲ್ಲಿ ಚೀಸ್ ತುಂಬಿದ ಬಿಸಿ ಬಾನಿತ್ಸಾ ಕೊಳ್ಳುತ್ತಾರೆ. ತಿನ್ನುತ್ತಾ ಅಭ್ಯಾಸಬಲದಿಂದ ಪ್ರಶ್ನೆಗಳನ್ನು ತೊಡೆಯ ಮೇಲೆ ಬೆರಳಲ್ಲೇ ಮತ್ತೆ ಹೊಡೆಯುತ್ತಾರೆ. ಹತ್ತೊಂಬತ್ತನೆಯದಕ್ಕೆ ಬರುತ್ತಾರೆ: ಭಿನ್ನರಾಶಿ ತೆರೆ, ಎಕ್ಸ್ ಕಳೆ ಮೂರು, ಗೆರೆ, ಕೆಳಗೆ ನಾಲ್ಕು... ಅಲ್ಲಿ ಭಿನ್ನರಾಶಿ ಮುಚ್ಚುವ ಗುರುತು ಹಾಕಬೇಕು. ಮುಚ್ಚಿದೆನೇ? ಬೆರಳಿಗೆ ನೆನಪಿಲ್ಲ. ಮುಚ್ಚದಿದ್ದರೆ ಮುಂದಿನ 'ಕೂಡು ಎರಡು' ಕೂಡ ಗೆರೆಯ ಕೆಳಗೆ ಸೇರುತ್ತದೆ. ಆಗಲೂ ಉತ್ತರವೊಂದು ಬಂದೇ ಬರುತ್ತದೆ. ಸಮ ಚಿಹ್ನೆಯ ಆಚೆಗಿರುವುದು ಏಳು; ಎಕ್ಸ್ ಇಪ್ಪತ್ತಮೂರು ಬರಬೇಕಾದಲ್ಲಿ ನಲವತ್ತೈದು.

ಉಳಿದ ಬಾನಿತ್ಸಾವನ್ನು ಅಲ್ಲೇ ಬಿಡುತ್ತಾರೆ. ಐವತ್ತೆಂಟರ ಇಸ್ಕ್ರಾ ಪರೀಕ್ಷೆ ನಡೆಯುವ ಶಾಲೆಯತ್ತ ಓಡುತ್ತಾರೆ.

ಪರೀಕ್ಷಾ ಸಮಿತಿಯ ಮುಖ್ಯಸ್ಥೆ ಪೆಂಕೋವಾ ಕನ್ನಡಕದ ಮೇಲಿಂದ ನೋಡುತ್ತಾರೆ. "ತಪ್ಪಾಗಿದೆ ಅಂತ ಖಾತ್ರಿನಾ?"

"ಖಾತ್ರಿ ಇಲ್ಲ ಮೇಡಂ. ಅದಕ್ಕೇ ಜೀವ ಹೋಗ್ತಿದೆ."

"ಒಂಬತ್ತಕ್ಕೆ ಮೊದಲು ನಾನು ಲಕೋಟೆ ಒಡೆಯೋ ಹಾಗಿಲ್ಲ. ಒಡೆದ ಮೇಲೆ ನೀವು ಒಳಗೆ ಬರೋ ಹಾಗಿಲ್ಲ. ಮಗು ತಾನಾಗಿ ದೂರು ಹೇಳಿದ್ರೆ ಮಾತ್ರ ಕರೀಬಹುದು."

ಮಗು ಹೇಗೆ ಹೇಳೀತು? ವಿಲಿಯಾನಾ ಹೇಳಿರಲಿಲ್ಲ. ಅಚ್ಚಾದದ್ದನ್ನು ಮಕ್ಕಳು ನಂಬುತ್ತಾರೆ. ಇಸ್ಕ್ರಾ ಶಾಲೆಯ ಪಡಸಾಲೆಯ ಬೆಂಚಿನ ಮೇಲೆ ಕೂರುತ್ತಾರೆ. ಒಂಬತ್ತರ ಗಂಟೆ ಹೊಡೆಯುತ್ತದೆ. ಒಂಬತ್ತೂವರೆ. ಎರಡು ಚಳಿಗಾಲ, ಪ್ರತಿ ಶನಿವಾರ, ರಾಲಿತ್ಸಾಳಿಗೆ ಗಣಿತದ ಚಿಹ್ನೆಗಳನ್ನು ಓದಲು ಕಲಿಸಿದವರು ಅವರೇ. ಈಗ ಅವಳಿಗೆ ಮೋಸ ಮಾಡಿದವರೂ ತಾವೇ ಎಂದು ಅನ್ನಿಸುತ್ತದೆ. ಎದ್ದು ಹೋಗಿಬಿಡೋಣ ಎಂದುಕೊಳ್ಳುತ್ತಾರೆ, ಆದರೆ ಹೋಗುವುದಿಲ್ಲ.

ಹತ್ತಕ್ಕೆ ಐದು ನಿಮಿಷವಿರುವಾಗ ಬಾಗಿಲು ತೆರೆಯುತ್ತದೆ. ಪೆಂಕೋವಾ ಸನ್ನೆ ಮಾಡುತ್ತಾರೆ.

ಒಳಗೆ ರಾಲಿತ್ಸಾ ಹಾಳೆಯ ಮೇಲೆ ಬೆರಳೂರಿ ಕುಳಿತಿದ್ದಾಳೆ. "ಹತ್ತೊಂಬತ್ತನೇದು ವಾಕ್ಯವೇ ಅಲ್ಲ ಮೇಡಂ. ಭಿನ್ನರಾಶಿ ತೆರೆದಿದ್ದಾರೆ, ಎಲ್ಲೂ ಮುಚ್ಚಿಲ್ಲ. ಎಲ್ಲಿ ಮುಚ್ಚಬೇಕು ಅಂತ ನಾನು ಊಹೆ ಮಾಡಲ್ಲ. ಬರೆದವರೇ ಹೇಳ್ಲಿ."

ಮೂಲ ಪತ್ರಿಕೆಯನ್ನು ಪಕ್ಕದಲ್ಲಿಟ್ಟುಕೊಂಡು, ಎಲ್ಲರ ಕಣ್ಣೆದುರು, ಹುಡುಗಿ ಉತ್ತರ ಬರೆಯುವ ಯಂತ್ರದಲ್ಲೇ ಇಸ್ಕ್ರಾ ಆ ಸಾಲನ್ನು ಹೊಸ ಹಾಳೆಯಲ್ಲಿ ಹೊಡೆದುಕೊಡುತ್ತಾರೆ. ಸಮಿತಿ ಹತ್ತು ನಿಮಿಷ ಹೆಚ್ಚುವರಿ ಕೊಡುತ್ತದೆ.

ಪರೀಕ್ಷೆ ಮುಗಿದ ಮೇಲೆ ಮೆಟ್ಟಿಲ ಬಳಿ ಹುಡುಗಿ ಅವರ ಕೈ ಹುಡುಕಿ ಹಿಡಿಯುತ್ತಾಳೆ. "ಇಸ್ಕ್ರಾ ಅತ್ತೆ, ನೀವೇ ಅಂತ ಗೊತ್ತಾಯ್ತು. ಅಷ್ಟು ಜೋರಾಗಿ ಉಸಿರಾಡ್ತಿದ್ರಿ! ಆವರಣ ಮುಚ್ಚೋದು ಮರೆತರೆ ನನ್ನ ಕೈಲಿ ಹತ್ತು ಸಲ ಬರೆಸ್ತಿದ್ರಿ. ಈಗ ನಿಮಗೆ ಎಷ್ಟು ಸಲ?"

"ನೂರು ಸಲ ಬರೀತೀನಿ ಕಣೇ," ಎಂದ ಇಸ್ಕ್ರಾ ಅಲ್ಲೇ ಮೆಟ್ಟಿಲ ಮೇಲೆ ಕುಸಿದು ಕುಳಿತು ಅಳುತ್ತಾರೆ. ಹುಡುಗಿ ಗಾಬರಿಯಾಗಿ ಪಕ್ಕದಲ್ಲೇ ಕೂರುತ್ತಾಳೆ.

ಮುಂದಿನ ಶರತ್ಕಾಲಕ್ಕೆ ಇಸ್ಕ್ರಾಗೆ ನಿವೃತ್ತಿ. ಅವರ ಜಾಗಕ್ಕೆ ಇನ್ನೂ ಯಾರೂ ಸಿಕ್ಕಿಲ್ಲ. ಎಂಥವರು ಬರಬೇಕು ಎಂದು ಕೇಳಿದರೆ ಅವರು ಯಂತ್ರಕ್ಕೆ ಹೊದಿಕೆ ಹಾಕುತ್ತಾ ಹೇಳುತ್ತಾರೆ:

"ಜಾಣರೇ ಬೇಕು ಅಂತಿಲ್ಲ. ಬೇಗ ಹೊಡೆಯೋರೂ ಬೇಡ. ಹೆದರೋರು ಬರಲಿ. ಹೆದರಿಕೆ ಇದ್ದರೆ ಮಿಕ್ಕಿದ್ದೆಲ್ಲ ನಾನು ಕಲಿಸಿಕೊಡ್ತೀನಿ."