ಮುದಿರಾಣಿಯ ದನಿ

ಐವತ್ತೆಂಟು ತುಂಬಿದ ಹೆಂಗಸನ್ನು ಬೀದಿಯವರೆಲ್ಲ ಪುಟ್ಟಿ ಅಂತ ಕರೆದರೆ ಅದು ಆಕೆಯ ತಪ್ಪಲ್ಲ, ಆಕೆಯ ಗಂಟಲಿನ ತಪ್ಪು. ಮಂಡಿ ಸವೆಯಿತು, ತಲೆ ಬೆಳ್ಳಗಾಯಿತು, ಗಂಟಲು ಮಾತ್ರ ಎಂಟು ವರ್ಷ ದಾಟಲಿಲ್ಲ. ಸಿನಿಮಾದಲ್ಲಿ ಯಾವ ಮಗು ಅತ್ತರೂ, ನಕ್ಕರೂ, ಕಳ್ಳರ ಕೈಗೆ ಸಿಕ್ಕಿ "ಅಪ್ಪಾ" ಅಂತ ಕಿರುಚಿದರೂ ಅದು ಕತ್ತಲ ಕೋಣೆಯಲ್ಲಿ ಮೈಕಿನ ಮುಂದೆ ನಿಂತ ಪುಟ್ಟಿಯೇ. ಫೋನ್ ಮಾಡಿದವರು, "ಪಾಪು, ಮನೇಲಿ ದೊಡ್ಡೋರು ಇದ್ದಾರಾ?" ಅನ್ನೋರು. "ನಾನೇ ಕಣ್ರೀ ದೊಡ್ಡೋಳು, ಅದೇನು ಬೊಗಳಿ!" ಅಂತ ಈಕೆ ಉರಿದುಬಿದ್ದರೆ ಆ ಕಡೆಯವರಿಗೆ ನಗು. ಬೈದರೂ ಮುದ್ದಾಗಿ ಕೇಳಿಸುವ ಕರ್ಮ ಯಾರಿಗೂ ಬೇಡ.

ಆ ಸಲ ಬಂದದ್ದು ರಾಜಕುಮಾರಿಯ ಸಿನಿಮಾ. ಅರಮನೆಯ ಹುಡುಗಿ ಕನ್ನಡಿಯೊಳಗೆ ಕಾಲಿಟ್ಟು ಕಾಲದಲ್ಲಿ ಮುಂದಕ್ಕೆ ಹೋಗುತ್ತಾಳೆ. ಅಲ್ಲಿ ಮುದಿರಾಣಿಯಾಗಿ ಕೂತಿರುವ ತನ್ನನ್ನೇ ಕಾಣುತ್ತಾಳೆ. ಕತೆ ಕೇಳಿದ್ದೇ ತಡ, ಪುಟ್ಟಿಯ ಎದೆ ಹಾರಿತು. ಇಬ್ಬರೂ ಒಬ್ಬಳೇ ಅಂದಮೇಲೆ ದನಿಯೂ ಒಬ್ಬಳದೇ ತಾನೇ? ಜನ್ಮದಲ್ಲಿ ಒಂದು ಸಲ, ಒಂದೇ ಸಲ, ತೆರೆಯ ಮೇಲೆ ತನ್ನ ವಯಸ್ಸಿನ ಮಾತಾಡಬೇಕು.

ನಿರ್ದೇಶಕ ಒಳ್ಳೆಯವನು, ಮುದಿರಾಣಿಯ ಮಾತನ್ನೂ ಆಡಿ ತೋರಿಸಿ ಅಂದ. ಕೇಳಿ ತಲೆ ಕೆರೆದುಕೊಂಡ.

"ಪುಟ್ಟಿಯಮ್ಮ, ಮಗು ಅಜ್ಜಿ ಕನ್ನಡಕ ಹಾಕ್ಕೊಂಡು ಆಟ ಆಡ್ದಂಗಿದೆ."

"ನಂಗೆ ಮೊಮ್ಮಗಳಿದ್ದಾಳೆ ಸಾರ್!"

"ಗೊತ್ತಮ್ಮ. ಅವಳ ದನೀನೇ ನಿಮಗಿಂತ ದಪ್ಪ."

ಮುದಿರಾಣಿಗೆ ಅಂತ ಒಬ್ಬಳು ಬಂದಳು. ವಯಸ್ಸು ಇಪ್ಪತ್ತರ ಮೇಲೆ ಚೂರು. ಗೊಗ್ಗರು ಗಂಟಲು. ಇದಕ್ಕಿಂತ ಹೊಟ್ಟೆ ಉರಿಸೋ ಸಂಗತಿ ಇನ್ನೇನಿದೆ ಹೇಳಿ! ಆದರೂ ಆ ಹುಡುಗಿಗೆ ಮುದುಕಿಯ ಮಾತು ಬರಲೊಲ್ಲದು. ನಡುಗಿದಳು, ಕೆಮ್ಮಿದಳು, ಚಳಿಜ್ವರ ಬಂದವಳ ಹಾಗೆ ಆಡಿದಳು. ನಿರ್ದೇಶಕ ಬೇಡ ಬೇಡ ಅಂತ ಕೈ ಆಡಿಸಿದ. ಪುಟ್ಟಿಗೆ ಒಳಗೊಳಗೇ ಖುಷಿ.

ಬಿಡುವಿನಲ್ಲಿ ಆ ಹುಡುಗಿ ಬಂದು ಪಕ್ಕದಲ್ಲಿ ಕೂತಳು. "ಆಂಟಿ, ಊಟ ಆಯ್ತಾ? ಮಂಡಿ ನೋವಾ?" ಅಂತ ಕೇಳುತ್ತಾ ಇವಳನ್ನೇ ನೋಡಿದಳು. ಪಾಪ, ಮರ್ಯಾದೆ ಇರೋ ಹುಡುಗಿ ಅಂದುಕೊಂಡು ಪುಟ್ಟಿ ಮಂಡಿ ಹಿಡಿದು, "ಹೂಂ... ಅಯ್ಯೋ" ಅಂತ ಉಸಿರು ಬಿಟ್ಟು, ಆಮೇಲೆ ನಿಧಾನಕ್ಕೆ ತನ್ನ ಕಷ್ಟಸುಖವನ್ನೆಲ್ಲ ಹೇಳಿಕೊಂಡಳು.

ಮತ್ತೆ ಮೈಕಿನ ಮುಂದೆ ನಿಂತರು. ತೆರೆಯ ಮೇಲೆ ಮುದಿರಾಣಿ ಸಿಂಹಾಸನಕ್ಕೆ ಒರಗಿದಳು. ಹುಡುಗಿಯ ಬಾಯಿಂದ ಬಂತು: "ಹೂಂ... ಅಯ್ಯೋ." ಅದೇ ಉಸಿರು, ಅದೇ ಎಳೆತ, ಆಮೇಲೆ ಅದೇ ನಿಧಾನದ ಮಾತು. ಪುಟ್ಟಿ ಬಿಟ್ಟ ಬಾಯಿ ಬಿಟ್ಟ ಹಾಗೇ ನಿಂತಳು. ಕಳ್ಳಿ! ಹಾಡಹಗಲು, ಪಕ್ಕದಲ್ಲೇ ಕೂತು ಕದ್ದಳಲ್ಲ!

ಅಷ್ಟರಲ್ಲಿ ರಾಜಕುಮಾರಿಯ ಸರದಿ ಬಂತು. "ಹೋಗಜ್ಜಿ! ನೀನು ನಾನಲ್ಲ!" ಅಂದಳು ಪುಟ್ಟಿ. ಇದ್ದಬದ್ದ ಸಿಟ್ಟೆಲ್ಲ ಆ ಪುಟಾಣಿ ದನಿಯಲ್ಲಿ ಸಿಡಿದು, ಕೊನೆಗೆ ಅಳು ಬೆರೆಯಿತು. ನಿರ್ದೇಶಕ ಎದ್ದು ನಿಂತು ಚಪ್ಪಾಳೆ ಹೊಡೆದ. ಪುಟ್ಟಿ ಯಾರ ಮುಖವನ್ನೂ ನೋಡದೆ ಚಪ್ಪಲಿ ಮೆಟ್ಟಿಕೊಂಡು ಹೊರಟಳು.

ಸಿನಿಮಾ ಬಂದಾಗ ಗಂಡನ ಜೊತೆ ಹೋದಳು. ಮುದಿರಾಣಿ ಉಸಿರು ಬಿಟ್ಟಾಗ ಗಂಡ ಮೊಣಕೈಯಿಂದ ತಿವಿದ. "ಲೇ, ಅದು ನೀನೇ!"

"ನಾನಲ್ಲ, ಆ ಕಳ್ಳಿ."

"ಸುಳ್ಳು ಹೇಳ್ಬೇಡ್ವೇ. ಇಷ್ಟು ವರ್ಷದಿಂದ ಪಕ್ಕದಲ್ಲಿ ಕೂತು ಕೇಳ್ತಿಲ್ವಾ!"

ಪುಟ್ಟಿ ತೆರೆಯ ಕಡೆಗೆ ತಿರುಗಿದಳು. ರಾಜಕುಮಾರಿಯ ಜಗಳದ ಮಾತು ಬಂದಾಗ ತನ್ನ ದನಿಯ ಕಡೆಗೇ ಕಿವಿ ಕೊಡಲಿಲ್ಲ. ಮುದುಕಿ ಏನಂತಾಳೆ ಅಂತ ಕಾದಳು.

ಹೊರಗೆ ಬರುವಾಗ ಪಕ್ಕದ ಮನೆಯಾಕೆ ಸಿಕ್ಕಳು. ಕಣ್ಣೊರೆಸಿಕೊಳ್ಳುತ್ತಿದ್ದಳು. "ಪುಟ್ಟಿ, ಆ ಮುದಿರಾಣಿ ಮಾತು ಕರುಳು ಹಿಂಡಿಬಿಡ್ತು ಕಣೇ. ನಿಂದೇ ಅಲ್ವಾ?"

ಗಂಡ ಬಾಯಿ ತೆರೆದ. ಪುಟ್ಟಿ ಅವನ ಕಾಲು ತುಳಿದಳು.

"ಹೂಂ ಕಣ್ರೀ," ಅಂದಳು, "ನಂದೇ."