ಜಿಮ್ಮರ್‌ಮನ್ ಎಂದರೆ ಬಡಿಗೇರ

ಡೆಸ್ ಪ್ಲೇನ್ಸ್‌ನ ನಮ್ಮ ಮನೆಯಿಂದ ಡೆಟ್ರಾಯ್ಟ್ ಪಕ್ಕದ ಟ್ರಾಯ್ ಊರಿಗೆ ಮುನ್ನೂರು ಮೈಲಿಗೆ ಸ್ವಲ್ಪ ಕಡಿಮೆ. ಎಪ್ಪತ್ತರ ದಶಕದ ನಡುವಿನ ಒಂದು ಸೆಪ್ಟೆಂಬರ್ ಶನಿವಾರ, ಬೆಳಿಗ್ಗೆ ಕಾಫಿ ಕುಡಿದು ಕಾಳಪ್ಪನ ಕಾರಿನಲ್ಲಿ ಹೊರಟೆವು. ಮುಂದೆ ಕಾಳಪ್ಪ, ಪಕ್ಕದಲ್ಲಿ ನಾನು, ಹಿಂದಿನ ಸೀಟಿನಲ್ಲಿ ಕಾಲು ಚಾಚಿಕೊಂಡು ಅವನ ಹೆಂಡತಿ ಗಂಗಾ. ಅವಳು ತುಂಬಿದ ಬಸುರಿ. ಸೀಮಂತವನ್ನು, ಅವರ ಕಡೆಯ ಮಾತಿನಲ್ಲಿ ಕುಬಸವನ್ನು, ನಮ್ಮ ಮನೆಯಲ್ಲೇ ಮಾಡಿ ಮುಗಿಸಿದ್ದೆವು. ಬಾಣಂತನಕ್ಕೆ ಊರಿನಿಂದ ಯಾರೂ ಬರುವ ಹಾಗಿರಲಿಲ್ಲ. "ನಾನಿಲ್ವಾ? ಸುಮ್ನಿರು" ಎಂದು ನಾನೇ ಪೆಟ್ಟಿಗೆ ಕಟ್ಟಿದೆ. ನಮ್ಮ ಯಜಮಾನರು ಕೆಲವು ದಿನ ತಾವೇ ಅನ್ನ ಬೇಯಿಸಿಕೊಂಡು ಉಣ್ಣಲಿ, ಸವೆದೇನೂ ಹೋಗುವುದಿಲ್ಲ.

ಕಾಳಪ್ಪ ಬಡಿಗೇರ ಗಜೇಂದ್ರಗಡದ ಕಡೆಯವನು, ಕನ್ನಡದ ನಂಟಿನಿಂದ ನಮಗೆ ತಮ್ಮನ ಹಾಗಾದವನು. ಟ್ರಾಯ್‌ನಲ್ಲಿ ಕಾರಿನ ಬಿಡಿಭಾಗ ಮಾಡುವ ಕಂಪನಿಯೊಂದರಲ್ಲಿ ಎಂಜಿನಿಯರ್. ಸೋಮವಾರ ಡೆಟ್ರಾಯ್ಟ್‌ನ ಕೋರ್ಟಿನಲ್ಲಿ ಅವನು ಅಮೆರಿಕದ ಪ್ರಜೆಯಾಗಿ ಪ್ರಮಾಣ ಮಾಡುವುದಿತ್ತು. ಬೇಕೆಂದವರು ಆ ಹೊತ್ತಿಗೇ ಹೆಸರನ್ನೂ ಬದಲಾಯಿಸಿಕೊಳ್ಳಬಹುದಂತೆ. ಇವನು ಬಡಿಗೇರ ಹೋಗಿ ಕಾರ್ಪೆಂಟರ್ ಆಗುತ್ತೇನೆಂದು ಅರ್ಜಿಯಲ್ಲಿ ಬರೆದುಕೊಟ್ಟಿದ್ದ. ಅಂದಿನಿಂದ ಗಂಗಾ ಅವನೊಡನೆ ಮಾತು ಬಿಟ್ಟಿದ್ದಳು. ಉಪ್ಪು ಬೇಕಿದ್ದರೂ ನನ್ನ ಮೂಲಕವೇ ಕೇಳುತ್ತಿದ್ದಳು.

"ಆಫೀಸ್‌ನ್ಯಾಗ ನನಗ ಬ್ಯಾಜರ್ ಅಂತಾರ್ರೀ ಅಕ್ಕಾರ" ಎಂದ ಕಾಳಪ್ಪ. "ಬ್ಯಾಜರ್ ಅಂದ್ರ ನೆಲದಾಗ ಬಿಲಾ ತೋಡೋ ಪ್ರಾಣಿ. ಬೆಳಗಾದ್ರ ಟೇಬಲ್ ಮ್ಯಾಲೆ ಅದರ ಚಿತ್ರಾ ಇಟ್ಟಿರ್ತಾರ. ಊರಾಗರ ಏನ್ ಕಡಿಮಿ ಇತ್ತು? ಬೆಂಗಳೂರು ಹಾಸ್ಟೆಲ್‌ನ್ಯಾಗ ಬಡಿಗೇರ ಅಂದ ಕೂಡ್ಲೆ, ನಮ್ ಕುರ್ಚಿ ಕಾಲು ಅಲ್ಲಾಡ್ತದ, ನೋಡಪಾ ಅಂತಿದ್ರು. ಇಲ್ಲಿ ಕಾರ್ಪೆಂಟರ್ ಅನ್ನೋ ಡಾಕ್ಟರ್ ಅದಾನ, ಜಡ್ಜ್ ಅದಾನ. ಅವಂಗ ಯಾರೂ ಕುರ್ಚಿ ರಿಪೇರಿ ಮಾಡು ಅನ್ನಂಗಿಲ್ಲ."

ಪಾಪ, ಹುಡುಗನ ಮಾತಿನಲ್ಲಿ ನ್ಯಾಯವಿತ್ತು. "ಅರ್ಥ ಅದೇ ತಾನೇ ಗಂಗಾ, ಬಿಡು ಅತ್ಲಾಗೆ" ಎಂದೆ.

"ಅರ್ಥ ಅದ ಐತ್ರೀ ಅಕ್ಕಾರ. ಮನಿತನ ಅದ ಅಲ್ಲ" ಎಂದು ಹಿಂದಿನಿಂದ ಉತ್ತರ ಬಂತು.

ಹೆಸರಿನ ಪೇಚಾಟ ನನಗೇನೂ ಹೊಸದಲ್ಲ. ನಮ್ಮ ಮೈಸೂರಿನವರಿಗೆ ಅಡ್ಡಹೆಸರೇ ಇಲ್ಲ, ಬರೀ ಇನಿಶಿಯಲ್ಲು. ಇಲ್ಲಿಗೆ ಬಂದಾಗ ಕೊನೆಯ ಹೆಸರೇನು ಎಂದು ಕೇಳಿದ್ದಕ್ಕೆ ನಮ್ಮ ಯಜಮಾನರು ತಮ್ಮ ತಂದೆಯ ಹೆಸರನ್ನು ಹೇಳಿಬಿಟ್ಟರು. ಈಗ ಹಲ್ಲಿನ ಡಾಕ್ಟರ ಹತ್ತಿರ ಹೋದರೆ ನರ್ಸು ಬಾಗಿಲಲ್ಲಿ ನಿಂತು "ನರಸಿಂಹಯ್ಯ!" ಎಂದು ಕೂಗುತ್ತಾಳೆ. ಮಾವನವರು ಇದ್ದಷ್ಟು ದಿನ ಅವರೆದುರು ತಲೆಯೆತ್ತಿ ಮಾತಾಡಿದವಳಲ್ಲ ನಾನು. ಈಗ ಅವರ ಹೆಸರಿಗೆ ಓಗೊಟ್ಟು ಎದ್ದುಹೋಗಿ ಹಲ್ಲು ತೋರಿಸಬೇಕು. ಇದನ್ನು ಹೇಳಿದಾಗ ಗಂಗಾ ಹೊಟ್ಟೆ ಹಿಡಿದುಕೊಂಡು ನಕ್ಕಳು. ಗಂಡನ ಕಡೆ ಮಾತ್ರ ನೋಡಲಿಲ್ಲ.

ಗ್ಯಾರಿ ಊರಿನ ಉಕ್ಕಿನ ಕಾರ್ಖಾನೆಗಳ ಹೊಗೆ ದಾಟಿ ಪೆಟ್ರೋಲ್ ಹಾಕಿಸಿದೆವು, ಗ್ಯಾಲನ್ನಿಗೆ ಐವತ್ತೈದು ಸೆಂಟು. ವೇಗ ಐವತ್ತೈದು ಮೈಲಿ ಮೀರಬಾರದೆಂಬ ಕಾನೂನು ಬೇರೆ. ಮಿಶಿಗನ್ ಒಳಗೆ ಬಂದಮೇಲೆ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸಿಕೊಂಡೆ. ಹಿತವಾದ ಬಿಸಿಲು, ಇಲ್ಲಿಯ ಫ್ಯಾರನ್‌ಹೀಟ್ ಲೆಕ್ಕದಲ್ಲಿ ಎಪ್ಪತ್ತು ಡಿಗ್ರಿ ಇದ್ದಿರಬಹುದು. ಮರದ ನೆರಳೊಂದರಲ್ಲಿ ಕಾರು ನಿಲ್ಲಿಸಿ ಗಂಗಾ ಮಾಡಿದ ಚಪಾತಿ, ಶೇಂಗಾ ಚಟ್ನಿ, ನನ್ನ ಮೊಸರನ್ನ ಮುಗಿಸಿದೆವು. ಇಲ್ಲಿ ಜೋಳದ ಹಿಟ್ಟು ಸಿಗುವುದಿಲ್ಲವೆಂಬ ಗಂಗಾಳ ಗೋಳು ಊಟದ ಜೊತೆಗೆ ಇದ್ದೇ ಇತ್ತು.

ಪಾ ಪಾ ಎನ್ನುವ ಊರಿನ ಸುತ್ತ ಎಲ್ಲ ದ್ರಾಕ್ಷಿ ತೋಟಗಳೇ. ಗಂಗಾಳಿಗೆ ದ್ರಾಕ್ಷಿ ತಿನ್ನುವ ಆಸೆಯಾಗಿ ಹೆದ್ದಾರಿಯಿಂದ ಇಳಿದೆವು. ಒಂದು ಮೈಲಿಯೂ ಹೋಗಿರಲಿಲ್ಲ, ಕಾಳಪ್ಪ ಗಕ್ಕನೆ ಬ್ರೇಕ್ ಹಾಕಿದ. "ನೋಡ್ರಿ ಅಕ್ಕಾರ, ನನ್ನ ಹೆಸರು!" ರಸ್ತೆ ಬದಿಯ ಹಲಗೆಯ ಮೇಲೆ "ಕಾರ್ಪೆಂಟರ್ ದ್ರಾಕ್ಷಿ" ಎಂದು ಇಂಗ್ಲಿಷಿನಲ್ಲಿ ದಪ್ಪಗೆ ಬರೆದಿತ್ತು. ನೆರಳಿನಲ್ಲಿ ಕೂತ ಮುದುಕನೊಬ್ಬ ಬುಟ್ಟಿಗಳನ್ನು ಮುಂದಿಟ್ಟುಕೊಂಡಿದ್ದ. ಬುಟ್ಟಿಗೆ ಒಂದೂಕಾಲು ಡಾಲರು. ಕಪ್ಪು ನೀಲಿ ಹಣ್ಣು, ಬಾಯಿಗಿಟ್ಟರೆ ಸಿಪ್ಪೆ ತಾನೇ ಜಾರಿಬರುತ್ತದೆ, ಘಮಘಮ ಅಂದರೆ ಘಮಘಮ.

ಕಾಳಪ್ಪನಿಗೆ ತಡೆಯಲಾಗಲಿಲ್ಲ. "ಸೋಮವಾರದಿಂದ ನಾನೂ ನಿಮ್ಮ ಹೆಸರಿನವನೇ" ಎಂದು ಮುದುಕನ ಕೈ ಕುಲುಕಿ ಎಲ್ಲವನ್ನೂ ಹೇಳಿದ. ಮುದುಕ ಸಮಾಧಾನದಿಂದ ಕೇಳಿಸಿಕೊಂಡ.

"ನಾವೂ ಹುಟ್ಟಾ ಕಾರ್ಪೆಂಟರ್‌ಗಳಲ್ಲ. ನಮ್ಮದು ಜಿಮ್ಮರ್‌ಮನ್" ಎಂದ.

ನನಗೆ ಪಕ್ಕದ ಮನೆಯ ಜರ್ಮನ್ ಅಜ್ಜಿಯಿಂದ ನಾಲ್ಕು ಮಾತು ಗೊತ್ತು. ಜಿಮ್ಮರ್ ಅಂದರೆ ಕೋಣೆ. "ಹಾಗಾದರೆ ಕೋಣೆಯವರು ಅಂತಲೇ?" ಎಂದು ಕೇಳಿಯೇಬಿಟ್ಟೆ. ಮುದುಕ ನಕ್ಕು ಬಿಡಿಸಿ ಹೇಳಿದ. ಈಗ ಕೋಣೆ ಎನ್ನುವುದು ನಿಜ, ಹಿಂದೆ ಆ ಮಾತಿಗೆ ಮನೆ ಕಟ್ಟುವ ಮರ ಎಂದು ಅರ್ಥವಂತೆ. ಮರದಲ್ಲಿ ಮನೆ ಕಟ್ಟುವವನು ಜಿಮ್ಮರ್‌ಮನ್. ಹಳೆಯ ಜರ್ಮನಿಯಲ್ಲಿ ಮನೆಗಳೆಲ್ಲ ಮರದ ಚೌಕಟ್ಟಿನವು, ಬಡಗಿ ಇಲ್ಲದೆ ಒಂದು ಊರೂ ನಡೆಯುತ್ತಿರಲಿಲ್ಲ. ಕಸುಬಿನ ಹೆಸರು ಮನೆತನದ ಹೆಸರಾಗಿ ನಿಂತಾಗ ಊರೂರಿಗೂ ಒಂದೊಂದು ಜಿಮ್ಮರ್‌ಮನ್ ಮನೆಯಾಯಿತು. ಒಬ್ಬರಿಗೊಬ್ಬರು ನಂಟರೇನಲ್ಲ. ನಮ್ಮ ಬಡಿಗೇರರದೂ ಇದೇ ಕಥೆಯಲ್ಲವೇ! ಕಾಳಪ್ಪ ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದ.

"ಮತ್ತೆ ಬದಲಾಯಿಸಿದ್ದು ಯಾಕೆ?" ಎಂದೆ.

ಮೊದಲನೆಯ ಮಹಾಯುದ್ಧದ ಕಾಲ. ಮುದುಕನಿಗಾಗ ಚಿಕ್ಕ ವಯಸ್ಸು. ಜರ್ಮನರೆಂದು ಯಾರೋ ಅವರ ಕೊಟ್ಟಿಗೆಯ ಗೋಡೆಗೆ ಹಳದಿ ಬಣ್ಣ ಎರಚಿದರು. ಅಪ್ಪ ಅದನ್ನು ಉಜ್ಜಿ ತೊಳೆದು, ಟಪಾಲು ಡಬ್ಬಿಯ ಮೇಲಿನ ಹೆಸರನ್ನೂ ಅಳಿಸಿ, ಕಾರ್ಪೆಂಟರ್ ಎಂದು ಬರೆದ. ಅರ್ಥ ಅದೇ ಎಂದು ತನ್ನ ತಮ್ಮನಿಗೆ ಸಮಾಧಾನ ಹೇಳಿದ. ತಮ್ಮ ಒಪ್ಪಲಿಲ್ಲ. ಹೆಂಡತಿ ಮಕ್ಕಳನ್ನು ಕರೆದುಕೊಂಡು ಡೆಟ್ರಾಯ್ಟ್ ಕಡೆ ಹೋದವನು ತಿರುಗಿ ಬರಲಿಲ್ಲ.

"ಅಪ್ಪ ಸತ್ತಮೇಲೆ ಚಿಕ್ಕಪ್ಪನ ಮಕ್ಕಳಿಗೆ ತಿಳಿಸೋಣವೆಂದು ಡೆಟ್ರಾಯ್ಟಿನ ಫೋನ್ ಪುಸ್ತಕ ತೆಗೆದೆ. ಜಿಮ್ಮರ್‌ಮನ್‌ಗಳು ಸಾಲು ಸಾಲು! ಅನೇಕರಿಗೆ ಫೋನ್ ಮಾಡಿದೆ. ಎಲ್ಲರೂ ಒಳ್ಳೆಯ ಜನ, ಯಾರೂ ನಮ್ಮವರಲ್ಲ. ನಾನಾದರೂ ಹುಡುಕಬಲ್ಲೆ. ಅವರು ನಮ್ಮನ್ನು ಹುಡುಕಿದರೆ? ಕಾರ್ಪೆಂಟರ್ ಮನೆಯ ಬಾಗಿಲನ್ನು ಅವರು ಯಾಕೆ ತಟ್ಟುತ್ತಾರೆ?"

ಮುದುಕ ಕಾಳಪ್ಪನ ಬೆನ್ನು ತಟ್ಟಿ, "ಹೆಸರೇನೋ ಒಳ್ಳೆಯದೇ ಕಣಪ್ಪ. ಆಮೇಲೆ ಯಾರೂ ನಮ್ಮ ಗೋಡೆಗೆ ಬಣ್ಣ ಎರಚಲಿಲ್ಲ" ಎಂದ. ಬುಟ್ಟಿಯ ಮೇಲೆ ಎರಡು ಗೊಂಚಲು ಹೆಚ್ಚಿಗೆ ಇಟ್ಟು ಗಂಗಾಳ ಕೈಗೆ ಕೊಟ್ಟ. ನನಗೆ ಕಣ್ಣಲ್ಲಿ ನೀರು ಬಂತು.

ಮತ್ತೆ ಹೆದ್ದಾರಿ ಹತ್ತಿ ಆ್ಯನ್ ಆರ್ಬರ್ ದಾಟಿದೆವು. ಅರ್ಥ ಅದೇ ತಾನೇ ಎಂದು ಮತ್ತೆ ಹೇಳಲು ನನಗೆ ಧೈರ್ಯವಾಗಲಿಲ್ಲ. ಹಾಗಂತ ಬೇಡವೆನ್ನಲು ನಾನು ಯಾರು? ಟೇಬಲ್ ಮೇಲಿನ ಚಿತ್ರವನ್ನು ನೋಡುತ್ತಾ ಕೂರಬೇಕಾದವನು ಅವನು. ಟ್ರಾಯ್ ತಲುಪಿ ಬಿಸಿ ಬಿಸಿ ಸಾರನ್ನ ಉಂಡೆವು. ಭಾನುವಾರವೂ ಗಂಡ ಹೆಂಡತಿ ಮಾತಾಡಲಿಲ್ಲ.

ಸೋಮವಾರ ಡೆಟ್ರಾಯ್ಟಿನ ಕೋರ್ಟಿನಲ್ಲಿ ದೇಶ ದೇಶದ ಜನ ಮದುವೆಗೆ ಬಂದವರ ಹಾಗೆ ಶೃಂಗಾರ ಮಾಡಿಕೊಂಡು ನಿಂತಿದ್ದರು. ಕಾಳಪ್ಪ ಸೂಟು ಹಾಕಿದ್ದ. ಗಂಗಾ ಇಳಕಲ್ ಸೀರೆ ಉಟ್ಟು ಒಂದು ಕೈ ಸೊಂಟದ ಮೇಲಿಟ್ಟುಕೊಂಡು ಅವನ ಹಿಂದೆ ನಿಂತಿದ್ದಳು. ಸಾಲು ಮುಂದೆ ಸರಿದು ನಮ್ಮ ಸರದಿ ಬಂತು. ಮೇಜಿನ ಹಿಂದಿದ್ದ ಗುಮಾಸ್ತ ಹಾಳೆಯ ಮೇಲೆ ಬೆರಳಿಟ್ಟು, "ಇನ್ನು ಮುಂದೆ ಕಾರ್ಪೆಂಟರ್, ಸರಿ ತಾನೇ?" ಎಂದು ಕೇಳಿದ.

ಕಾಳಪ್ಪ ಹಾಳೆಯ ಕಡೆ ಬಾಗಿ ನೋಡಿದ.

"ಇಲ್ಲ ಸರ್. ಬಡಿಗೇರ. ಇದ್ದದ್ದೇ ಇರಲಿ."

ಗುಮಾಸ್ತ ಗೀಟು ಎಳೆದು ಸರಿಮಾಡಿದ. ಕೆಟ್ಟ ಮನುಷ್ಯನೇನಲ್ಲ, ಸುಮ್ಮನೆ ತಿಳಿಯುವ ಆಸೆಗೆ ತಲೆಯೆತ್ತಿ, "ಬ್ಯಾಜರ್ ಅಂತ ಪ್ರಾಣಿ ಇದೆಯಲ್ಲ, ಅದೇ?" ಎಂದ.

ಕಾಳಪ್ಪನ ಕಿವಿ ಕೆಂಪಾಯಿತು. ಆದರೂ ಇಂಗ್ಲಿಷಿನಲ್ಲಿ ನಿಧಾನವಾಗಿ, ಒಂದೊಂದೇ ಮಾತು ಜೋಡಿಸಿ ಹೇಳಿದ: "ಅಲ್ಲ ಸರ್. ನಮ್ಮ ಮನೆಯವರು ಬಾಗಿಲು ಮಾಡುತ್ತಾರೆ."

ಅಷ್ಟು ದಿನ ಗಂಡನೊಡನೆ ಮಾತು ಬಿಟ್ಟಿದ್ದ ಗಂಗಾ ಅವನ ತೋಳು ಹಿಡಿದು ಪಕ್ಕಕ್ಕೆ ಬಂದು ನಿಂತಳು.

"ಬಾಗಿಲಾ ಒಂದ ಅಲ್ರೀ" ಎಂದಳು ಗಂಡನಿಗೆ. "ತೊಟ್ಟಿಲಾನೂ ಮಾಡ್ತಾರಂತ ಹೇಳ್ರಿ."