ಮಾಳಿಗೆಯ ಮೇಲಿನ ಹುಲ್ಲು

ಬೈರಿದೇವರಕೊಪ್ಪದ ನಮ್ಮ ಪಕ್ಕದ ಮನೆಯ ಮಾಸ್ತರರು ತಮ್ಮ ಹೊಸ ತಾರಸಿಯ ಮೇಲೆ ಮಣ್ಣು ಹರಡಿ ಹುಲ್ಲು ಬೆಳೆಸಿದ್ದಾರೆ. ಮನೆ ತಂಪಾಗಿರುತ್ತದಂತೆ. ನೋಡಲು ಕರೆದರೆಂದು ಮೊನ್ನೆ ಮೇಲೆ ಹತ್ತಿದೆ. ಆಗಷ್ಟೇ ನೀರು ಕುಡಿದ ಹುಲ್ಲಿನ ವಾಸನೆ ಮೂಗಿಗೆ ಬಡಿಯಿತು. ನನ್ನ ನಡು ನೋಯತೊಡಗಿತು. ಈ ವಾಸನೆಗೆ ಉಳಿದವರಿಗೆ ಕವಿತೆ ಹುಟ್ಟುತ್ತದೆ. ನನಗೆ ಮಣ್ಣಿನ ಬುಟ್ಟಿ ನೆನಪಾಗುತ್ತದೆ.

ಸಾವಿರದ ಒಂಬೈನೂರ ಅರವತ್ತರ ಆಸುಪಾಸಿನಲ್ಲಿ ಧಾರವಾಡದ ನಮ್ಮ ಮನೆಗೆ ಮಣ್ಣಿನ ಮಾಳಿಗೆಯಿತ್ತು. ಪ್ರತಿ ಬೇಸಿಗೆಯ ಕೊನೆಗೆ ಕೆರೆಯ ಮಣ್ಣು ಹೊತ್ತು ಮೇಲೆ ಸುರಿದು, ತುಳಿದು, ಬಡಿದು ಗಟ್ಟಿ ಮಾಡಬೇಕು. ಮಳೆ ಬಿದ್ದು ವಾರವಾಗುವಷ್ಟರಲ್ಲಿ ಹುಲ್ಲು. ಕಿತ್ತರೆ ಬೇರು ಬಿಟ್ಟುಹೋದ ತೂತಿನಿಂದ ಸೋರುತ್ತದೆ. ಬಿಟ್ಟರೆ ಎಮ್ಮೆ ಮೇಯಿಸುವಷ್ಟು ಬೆಳೆಯುತ್ತದೆ. ಊಟಕ್ಕೆ ಕೂತರೆ ಸಾರಿನಲ್ಲಿ ಮಣ್ಣು. ಆದರೆ ಊರೆಲ್ಲ ಕಾದ ಹಂಚಾದ ಮಧ್ಯಾಹ್ನ ಒಳಗೆ ಕಾಲಿಟ್ಟರೆ, ಕೊಡದ ನೀರಿನಲ್ಲಿ ಕೈ ಇಳಿಬಿಟ್ಟಂಥ ತಂಪು. ಬಾಯ್ತುಂಬ ಬೈಯಲೂ ಆಗುತ್ತಿರಲಿಲ್ಲವಲ್ಲ, ಅದಕ್ಕೇ ಇನ್ನಷ್ಟು ಸಿಟ್ಟು ಬರುತ್ತಿತ್ತು.

ಕಚೇರಿಯಲ್ಲಿ ಕಾರಕೂನನಾಗಿದ್ದ ಕಾಕಾ ಒಂದು ವರ್ಷ ಸಾಕುಸಾಕಾಗಿ, ಮಾಳಿಗೆ ತೆಗೆದು ಹೊದಿಸಲೆಂದು ತಗಡು ತಂದು ಹಿತ್ತಲ ಗೋಡೆಗೆ ಆನಿಸಿದ. ಮದುವೆಯಾಗಿ ಬಂದ ವರ್ಷವೇ ಆ ಮಾಳಿಗೆಯ ಮಣ್ಣು ತುಳಿದಿದ್ದ ಅಜ್ಜಿ, "ತಗಡಿನ ಬುಡಕ ಕುಂತು ನಾ ಹಪ್ಪಳ ಆಗ್ಬೇಕೇನು?" ಎಂದು ಊಟ ಬಿಟ್ಟಳು. ಎರಡು ದಿನ ಒಲೆಯ ಹತ್ತಿರವೂ ಸುಳಿಯಲಿಲ್ಲ. ನಾನಾಗ ಹತ್ತು ವರ್ಷದವನು, ಓಣಿಯವರ ದನಿಯನ್ನೆಲ್ಲ ಅಣಕಿಸುತ್ತಿದ್ದೆ. ನನ್ನದು ಯಾವುದೆಂದು ನನಗೇ ಮರೆತುಹೋಗಿತ್ತು. ಮೂರನೆಯ ದಿನ ಕಾಕಾ ಮಾಳಿಗೆ ಹತ್ತಿ ಅಳತೆ ಹಿಡಿದು, ಇಳಿದು ಬಡಿಗನನ್ನು ಕರೆಯಲು ಹೋದ. ಅದನ್ನರಿಯದ ಅಜ್ಜಿ, ಕಡೆಗೂ ಏನು ಮಾಡುತ್ತೀ ಎಂದು ಕೆಳಗಿನಿಂದ ಕೇಳಿದಳು. ಮೇಲಿದ್ದವನು ನಾನೊಬ್ಬನೇ. ಬೆಳಕಿಂಡಿಗೆ ಬಾಯಿಟ್ಟು ಕಾಕಾನ ಗೊಗ್ಗರು ದನಿ ತೆಗೆದೆ: "ನೀ ಹೇಳಿದ್ದ ಖರೇ, ಅವ್ವಾ. ಮಣ್ಣ ಇರ್ಲಿ."

ಆಮೇಲೆ ಅಡುಗೆಮನೆಯಿಂದ ರೊಟ್ಟಿ ಬಡಿಯುವುದು ಕೇಳಿಸಿತು. ಕಾಕಾ ಬಡಿಗನೊಂದಿಗೆ ಬಂದಾಗ ಅಜ್ಜಿ ಅವನ ತಾಟಿಗೆ ಬಿಸಿ ರೊಟ್ಟಿ ಹಾಕಿ, ಮಗ ಮಾಳಿಗೆ ಉಳಿಸಲು ಒಪ್ಪಿದ್ದಾನೆಂದು ಬಡಿಗನಿಗೂ ಹೇಳಿದಳು. ಕಾಕಾ ನನ್ನನ್ನೊಮ್ಮೆ ದಿಟ್ಟಿಸಿದ. ರೊಟ್ಟಿ ಮುರಿದ. ತಗಡು ದನದ ಕೊಟ್ಟಿಗೆಗೆ ಹೋಯಿತು. ಅಂದಿನಿಂದ ಅಜ್ಜಿ ಇರುವ ತನಕ, ಪ್ರತಿ ವರ್ಷ ಅವನ ಬುಟ್ಟಿಯ ಹಿಂದೆ ನನ್ನದೂ ಒಂದು ಬುಟ್ಟಿ.

ಅಜ್ಜಿ ತೀರಿದ ಮರುವರ್ಷ ಮಾಳಿಗೆ ಇಳಿಸಿದರು. ಮಣ್ಣಿನ ಗುಡ್ಡೆಯ ಮೇಲೆ ಕೂತ ಕಾಕಾ ಬೆವರೊರೆಸಿಕೊಂಡು ಹೇಳಿದ: "ನನ್ನ ದನಿ ಥೇಟ್ ತಗದಿದ್ದಿ ನೋಡಲೇ. ಆದ್ರ 'ನೀ ಹೇಳಿದ್ದ ಖರೇ' ಅಂತ ನಾ ಅವ್ವಗ ಜಲ್ಮದಾಗ ಅಂದಾಂವಲ್ಲ. ಆಕಿ ಆವತ್ತ ನೀನಂತ ಗುರ್ತ ಹಿಡದಿದ್ಳು. ಆದ್ರೂ ನನಗ ಬಿಸಿ ರೊಟ್ಟಿ ಹಾಕಿದ್ಳು."

ಆಮೇಲಿನ ಬೇಸಿಗೆಗಳನ್ನೆಲ್ಲ ಅವನು ಹೊಸ ತಗಡಿನ ಕೆಳಗೆ ಒದ್ದೆ ಟವೆಲ್ಲು ಹೊದ್ದು ಕಳೆದ. ಈಗ ಅವನೂ ಇಲ್ಲ.

ಹೇಗಿದೆ ಎಂದು ಮಾಸ್ತರರು ಕೇಳಿದರು. ಸೋರುತ್ತದೆ, ಬೇರು ಇಳಿಯುತ್ತದೆ, ನಡು ಮುರಿಯುತ್ತದೆ ಎಂದು ಹೇಳಲು ಬಾಯಿ ತೆರೆದೆ. ಬಂದದ್ದು ಕಾಕಾನ ಗೊಗ್ಗರು ದನಿ.

"ನೀವ್ ಹೇಳಿದ್ದ ಖರೇರಿ. ಮಣ್ಣ ಇರ್ಲಿ."